ಮಿಕ್ಕ ಹಂದಿಮಾಂಸಕ್ಕೆ ಇನ್ನೊಂದು ಕುದಿ ಬೇಡ

ಪ್ರಶ್ನೆ: ಕೈಲ್‌ಪೊಳ್ದ್ ಹಬ್ಬಕ್ಕೆಂದು ಹಂದಿಯ ಭುಜದ ಮಾಂಸವನ್ನು ದೊಡ್ಡ ತುಂಡುಗಳಲ್ಲೇ ಉಪ್ಪು, ಅರಿಸಿನ, ಶುಂಠಿ ಹಾಕಿ ನಿಧಾನವಾಗಿ ಬೇಯಿಸಿ, ಎಳೆಎಳೆಯಾಗಿ ಬಿಡಿಸಿಟ್ಟಿದ್ದೆವು. ಜೋರು ಮಳೆಯಿಂದಾಗಿ ನೆಂಟರಲ್ಲಿ ಅರ್ಧದಷ್ಟು ಜನ ಬರಲಿಲ್ಲ. ಮಸಾಲೆ ಸೇರಿಸದ ಸುಮಾರು ಎರಡು ಕೆ.ಜಿ. ಮಾಂಸ ಮೊನ್ನೆಯಿಂದ ಫ್ರಿಡ್ಜ್‌ನಲ್ಲಿದೆ. ನಿನ್ನೆ ಸ್ವಲ್ಪ ತೆಗೆದು ಸಾರಿನಲ್ಲಿ ಕುದಿಸಿದಾಗ ನಾರುನಾರಾಯಿತು, ಜೊತೆಗೆ ಒಂದು ಬಗೆಯ ಹಳೆಯ ವಾಸನೆಯೂ ಬಂತು. ಮಕ್ಕಳಿಗೆ ಪಂದಿಕರಿ ಸಾಕಾಗಿದೆ. ದಿನಕ್ಕೊಮ್ಮೆ ಕುದಿಸಿಟ್ಟರೆ ವಾರವಿಡೀ ಇರುತ್ತದೆ ಎಂದು ನಮ್ಮ ಮಾವನವರು ಹೇಳುತ್ತಾರೆ. ಇದನ್ನು ಎಷ್ಟು ದಿನ ಇಡಬಹುದು, ಇದರಿಂದ ಏನೇನು ಮಾಡಬಹುದು?
– ಪೊನ್ನಂಪೇಟೆ ಸಮೀಪದ ಓದುಗರು

ಉತ್ತರ: ಮೊದಲು ಇಂದೇ ಆಗಬೇಕಾದ ಕೆಲಸವನ್ನು ಹೇಳುತ್ತೇನೆ, ಅಡುಗೆಯ ವಿಚಾರ ಆಮೇಲೆ. ಬೇಯಿಸಿದ ಮಾಂಸವು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ತಾಪಮಾನದ ಫ್ರಿಡ್ಜ್‌ನಲ್ಲಿ ಮೂರರಿಂದ ನಾಲ್ಕು ದಿನ ಉಳಿಯುತ್ತದೆ. ನಿಮ್ಮ ಮಾಂಸ ಈಗಾಗಲೇ ಮೂರನೇ ದಿನಕ್ಕೆ ಕಾಲಿಟ್ಟಿದೆ. ಇಂದು ಮತ್ತು ನಾಳೆ ನಿಮ್ಮ ಮನೆಯವರು ತಿನ್ನಬಹುದಾದಷ್ಟನ್ನು ಮಾತ್ರ ಫ್ರಿಡ್ಜ್‌ನಲ್ಲಿಟ್ಟುಕೊಂಡು, ಉಳಿದದ್ದನ್ನು ಕಾಲು ಕೆ.ಜಿ.ಯಂತೆ ಪಾಲು ಮಾಡಿ, ಗಟ್ಟಿ ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿ ಹಿಂಡಿ ತೆಗೆದು, ರೊಟ್ಟಿಯಂತೆ ತೆಳ್ಳಗೆ ಹರಡಿ ಇಂದೇ ಫ್ರೀಜರ್‌ಗೆ ಹಾಕಿ. ತೆಳ್ಳಗೆ ಹರಡಿದ ಮಾಂಸ ಬೇಗ ಗಟ್ಟಿಯಾಗುತ್ತದೆ, ಬೇಕಾದಾಗ ಬೇಗ ಕರಗುತ್ತದೆ, ಒಂದು ಹೊತ್ತಿಗೆ ಬೇಕಾದಷ್ಟನ್ನೇ ತೆಗೆಯಲೂ ಬರುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತದೆ. ಕರಗಿಸುವಾಗ ಹಿಂದಿನ ರಾತ್ರಿ ಚೀಲವನ್ನು ಫ್ರಿಡ್ಜ್‌ನ ಕೆಳಗಿನ ತಟ್ಟೆಗೆ ಇಳಿಸಿದರೆ ಸಾಕು. ಅಡುಗೆ ಕಟ್ಟೆಯ ಮೇಲೆ ಹಗಲೆಲ್ಲ ಬಿಟ್ಟು ಕರಗಿಸುವುದು ಬೇಡ.

ಕೊಡಗಿನ ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಮಾತನ್ನು ಸೇರಿಸಲೇಬೇಕು. ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಬಾಗಿಲು ತೆರೆಯದೆ ಇದ್ದರೆ ಫ್ರಿಡ್ಜ್ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಡೆಯುತ್ತದೆ. ಆದ್ದರಿಂದ ಫ್ರೀಜರ್‌ನಲ್ಲಿ ಜಾಗ ಖಾಲಿಯಿದ್ದರೆ ನೀರು ತುಂಬಿದ ಬಾಟಲಿಗಳನ್ನು ಇಟ್ಟು ತುಂಬಿಸಿಡಿ. ಚೀಲದೊಳಗಿನ ಮಾಂಸದಲ್ಲಿ ಇನ್ನೂ ಮಂಜಿನ ಹರಳುಗಳಿದ್ದರೆ ಅದನ್ನು ಮತ್ತೆ ಗಟ್ಟಿಯಾಗಿಸಬಹುದು. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆಯಬೇಕು.

ನಿಮ್ಮ ಮಾವನವರ ಮಾತನ್ನು ತಳ್ಳಿಹಾಕುವ ಮೊದಲು ಅದು ಯಾವ ಅಡುಗೆಮನೆಯಿಂದ ಬಂದ ಮಾತು ಎಂಬುದನ್ನು ನೋಡಬೇಕು. ಸೌದೆ ಒಲೆಯ ಕೆಂಡದ ಮೇಲೆ ಹಗಲಿರುಳು ಕುಳಿತ ಪಾತ್ರೆ ಪೂರ್ತಿ ತಣಿಯುತ್ತಲೇ ಇರಲಿಲ್ಲ. 60 ಡಿಗ್ರಿಗಿಂತ ಮೇಲೆ ಬಿಸಿಯಾಗಿರುವ ಪಾತ್ರೆಯಲ್ಲಿ ರೋಗಾಣುಗಳು ಬೆಳೆಯುವುದಿಲ್ಲ. ಜೊತೆಗೆ ಆ ಪಾತ್ರೆಯ ಪಂದಿಕರಿಯಲ್ಲಿ ಕಾಚಂಪುಳಿ ಎಂಬ ಹಣ್ಣಿನ ರಸದ ಹುಳಿಯಿತ್ತು, ಉಪ್ಪಿತ್ತು, ಮೇಲೆ ಬೆರಳುದ್ದದ ಕೊಬ್ಬು ನಿಂತಿರುತ್ತಿತ್ತು, ತಿನ್ನುವ ಬಾಯಿಗಳೂ ಹೆಚ್ಚಿದ್ದವು. ಇಂದು ನಾವು ಗ್ಯಾಸ್ ಒಲೆಯ ಮೇಲೆ ಹತ್ತು ನಿಮಿಷ ಕುದಿಸಿ ಆರಿಸುತ್ತೇವೆ. ಆ ಪಾತ್ರೆ ರಾತ್ರಿಯಿಡೀ ಉಗುರುಬೆಚ್ಚಗೆ ಕುಳಿತಿರುತ್ತದೆ, ರೋಗಾಣುಗಳಿಗೆ ಬೇಕಾಗಿರುವುದೂ ಅದೇ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯಲ್ಲಿ ಸಾಯದೆ ಉಳಿದು, ದೊಡ್ಡ ಪಾತ್ರೆಯ ಮಾಂಸ ನಿಧಾನವಾಗಿ ತಣಿಯುವಾಗ ಮೊಳೆತು ವೃದ್ಧಿಯಾಗುತ್ತವೆ. ಕೈಯಿಂದ ಬಿಡಿಸಿದ ಮಾಂಸಕ್ಕೆ ಚರ್ಮದಿಂದ ಸೇರಬಹುದಾದ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಉಂಟುಮಾಡುವ ವಿಷವಂತೂ ಮರುದಿನ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಬೇಯಿಸಿದ ಎರಡು ಗಂಟೆಯೊಳಗೆ ಅಗಲವಾದ, ಆಳವಿಲ್ಲದ ಪಾತ್ರೆಗೆ ಹರಡಿ ಫ್ರಿಡ್ಜ್‌ಗೆ ಸೇರಿಸುವುದೇ ಇಂದಿನ ಮನೆಗೆ ಸರಿ. ಮುಂದಿನ ಹಬ್ಬಕ್ಕೆ ಇದನ್ನು ನೆನಪಿಟ್ಟುಕೊಳ್ಳಿ.

ಈಗ ನೀವು ಗಮನಿಸಿದ ವಾಸನೆಯ ವಿಚಾರ. ಅದು ಕೊಳೆತದ್ದಲ್ಲ. ಮಾಂಸ ಬೆಂದಾಗ ಅದರ ಕೆಂಪು ವರ್ಣದ್ರವ್ಯದಿಂದ ಕಬ್ಬಿಣದ ಅಂಶ ಬಿಡುಗಡೆಯಾಗುತ್ತದೆ; ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಕೊಬ್ಬನ್ನು ಕೆಡಿಸುತ್ತದೆ. ಹಂದಿಯ ಕೊಬ್ಬಿನಲ್ಲಿ ಬೇಗ ಕೆಡುವ ಅಪರ್ಯಾಪ್ತ ಕೊಬ್ಬಿನ ಪಾಲು ಹೆಚ್ಚು. ಅದರ ಮೇಲೆ ನೀವು ಮಾಂಸವನ್ನು ಎಳೆ ಬಿಡಿಸಿದ್ದೀರಿ, ಅಂದರೆ ಗಾಳಿಗೆ ಒಡ್ಡಿಕೊಂಡ ಮೈ ಹಲವು ಪಟ್ಟು ಹೆಚ್ಚಿದೆ. ಇಡೀ ತುಂಡಾಗಿಯೇ ಇಟ್ಟ ಮಾಂಸಕ್ಕೆ ಈ ವಾಸನೆ ತಡವಾಗಿ ಬರುತ್ತದೆ, ಬೇಯಿಸಿದ ನೀರಿನಲ್ಲಿ ಮುಳುಗಿಸಿಟ್ಟದ್ದಕ್ಕೆ ಇನ್ನೂ ತಡವಾಗಿ. ಕರಿಮೆಣಸು, ಲವಂಗ, ಶುಂಠಿಯಂಥ ಮಸಾಲೆಗಳು ಈ ಕ್ರಿಯೆಯನ್ನು ನಿಧಾನಗೊಳಿಸುತ್ತವೆ. ಮಸಾಲೆ ಹಾಕದ ಮಾಂಸವನ್ನು ಬೇರೆಯಾಗಿ ಎತ್ತಿಟ್ಟರೆ ಮುಂದೆ ಹೇಗೆ ಬೇಕಾದರೂ ಬಳಸಬಹುದು ಎಂಬ ಯೋಚನೆ ಸರಿಯಾದದ್ದೇ. ಆದರೆ ಅದರ ಮೇಲೆ ಬೇಯಿಸಿದ ನೀರನ್ನೋ ಕರಗಿದ ಕೊಬ್ಬನ್ನೋ ಹೊಯ್ದು, ಮುಚ್ಚಳ ಬಿಗಿದಿಡಬೇಕು. ಮಾಂಸ ಜಿಗುಟಾಗಿದ್ದರೆ, ಹುಳಿ ವಾಸನೆ ಬಂದರೆ ಅಥವಾ ಬಣ್ಣ ಹಸಿರುಗಟ್ಟಿದರೆ ಅದು ಬೇರೆ ಮಾತು. ಅಂಥದ್ದನ್ನು ಬಾಯಿಗಿಟ್ಟು ನೋಡದೆ ಎಸೆಯಬೇಕು.

ನಾರುನಾರಾದದ್ದಕ್ಕೆ ಕಾರಣ ಎರಡನೇ ಕುದಿ. ಭುಜದ ಮಾಂಸ ಮೊದಲ ಸಲ ನಿಧಾನವಾಗಿ ಬೆಂದಾಗ ಅದರೊಳಗಿನ ಗಟ್ಟಿ ಪೊರೆಗಳು ಜೆಲಟಿನ್ ಎಂಬ ಮೆತ್ತನೆಯ ಅಂಟಾಗಿ ಕರಗಿ ಎಳೆಗಳ ನಡುವೆ ಕೂರುತ್ತವೆ. ಮಾಂಸ ಮೆತ್ತಗೆ, ರಸಭರಿತವಾಗಿ ಅನ್ನಿಸುವುದು ಇದರಿಂದಲೇ. ಬಿಡಿಸಿದ ಎಳೆಗಳನ್ನು ಮತ್ತೆ ಸಾರಿನಲ್ಲಿ ಕುದಿಸಿದಾಗ ಆ ಜೆಲಟಿನ್ ಸಾರಿಗೆ ಹೋಗುತ್ತದೆ, ಎಳೆ ಬರಿದಾಗುತ್ತದೆ. ಆದ್ದರಿಂದ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟು: ಈ ಮಾಂಸ ಬೆಂದಾಗಿದೆ, ಅದನ್ನು ಇನ್ನು ಅಡುಗೆಯ ಮುಖ್ಯ ಪದಾರ್ಥ ಎಂದು ನೋಡದೆ, ಬೇರೊಂದು ಪದಾರ್ಥಕ್ಕೆ ರುಚಿ ಕೊಡುವ ವಸ್ತು ಎಂದು ನೋಡಿ. ಅನ್ನ, ಅಕ್ಕಿ ಹಿಟ್ಟು, ಕಣಿಲೆ, ಆಲೂಗಡ್ಡೆ, ಮೊಟ್ಟೆ ಇವುಗಳಲ್ಲಿ ಯಾವುದಾದರೂ ಒಂದು ಮುಂದಿರಲಿ, ಮಾಂಸ ಹಿಡಿಯಷ್ಟಿರಲಿ, ಅದು ಕೊನೆಯಲ್ಲಿ ಸೇರಲಿ. ತಿನ್ನುವ ಮೊದಲು ಒಳಗಿನವರೆಗೆ 74 ಡಿಗ್ರಿ ತಲುಪುವಷ್ಟು, ಅಂದರೆ ಎಲ್ಲ ಕಡೆಯಿಂದಲೂ ಹಬೆಯಾಡುವಷ್ಟು ಬಿಸಿಯಾಗಬೇಕು. ಎಳೆ ಬಿಡಿಸಿದ ಮಾಂಸಕ್ಕೆ ಇದು ಕೆಲವೇ ನಿಮಿಷಗಳ ಕೆಲಸ.

ಎಲ್ಲಕ್ಕಿಂತ ಮೊದಲು ಮಾಡಿ ನೋಡಬೇಕಾದದ್ದು ಕಾಚಂಪುಳಿ ಹಾಕಿದ ಒಣ ಹುರಿತ. ಇದೊಂದನ್ನು ಸರಿಯಾಗಿ ಕಲಿತರೆ ಉಳಿದ ಅರ್ಧದಷ್ಟು ತಿನಿಸುಗಳು ಇದರಿಂದಲೇ ಹುಟ್ಟುತ್ತವೆ. ಕಾಲು ಕೆ.ಜಿ. ಮಾಂಸಕ್ಕೆ ಒಂದು ದೊಡ್ಡ ಈರುಳ್ಳಿ, ನಾಲ್ಕೈದು ಬೆಳ್ಳುಳ್ಳಿ ಎಸಳು, ಎರಡು ಹಸಿಮೆಣಸು ಅಥವಾ ಖಾರ ತಡೆಯುವವರಾದರೆ ಐದಾರು ಗಾಂಧಾರಿ ಮೆಣಸು, ಒಂದು ಎಸಳು ಕರಿಬೇವು, ಆಗಷ್ಟೇ ಕುಟ್ಟಿದ ಒಂದು ಚಮಚ ಕರಿಮೆಣಸು, ಅರ್ಧ ಚಮಚ ಕಾಚಂಪುಳಿ ಬೇಕು. ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಫ್ರಿಡ್ಜ್‌ನಲ್ಲಿಟ್ಟ ಮಾಂಸದ ಮೇಲೆ ಬಿಳಿಯಾಗಿ ಹೆಪ್ಪುಗಟ್ಟಿರುವ ಕೊಬ್ಬನ್ನೇ ಎರಡು ಚಮಚ ತೆಗೆದು ಹಾಕಿ. ಬೇರೆ ಎಣ್ಣೆ ಬೇಕಾಗಿಲ್ಲ. ಕೊಬ್ಬು ಕರಗಿದ ಮೇಲೆ ಮಾಂಸವನ್ನು ಬಾಣಲೆಯ ತುಂಬ ಒಂದೇ ಪದರವಾಗಿ ಹರಡಿ, ಎರಡು ನಿಮಿಷ ಸೌಟು ಆಡಿಸಬೇಡಿ. ಮೊದಲು ಚುರ್ ಎಂದು ಜೋರಾಗಿ ಸದ್ದು ಬರುತ್ತದೆ, ಅದು ನೀರು ಆರುವ ಸದ್ದು. ಅದು ತಗ್ಗಿ ಚಟಚಟ ಎಂಬ ಸಣ್ಣ ಸದ್ದಿಗೆ ಇಳಿದಾಗ ತಳದ ಎಳೆಗಳು ಕಂದು ಬಣ್ಣಕ್ಕೆ ಬಂದು ಅಂಚು ಗರಿಗರಿಯಾಗಿರುತ್ತವೆ, ಮೇಲಿನವು ಮೆತ್ತಗೇ ಇರುತ್ತವೆ. ಈ ಎರಡೂ ಒಟ್ಟಿಗಿದ್ದರೇ ಹುರಿತಕ್ಕೆ ರುಚಿ. ಎಲ್ಲವನ್ನೂ ಗರಿಗರಿ ಮಾಡಲು ಹೋದರೆ ಅಗಿಯಲು ಕಷ್ಟವಾಗುವ ನಾರು ಉಳಿಯುತ್ತದೆ. ಈಗ ಮಾಂಸವನ್ನು ಒಂದು ಬದಿಗೆ ಸರಿಸಿ, ಖಾಲಿಯಾದ ಕಡೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಕರಿಬೇವು ಹಾಕಿ ಬಾಡಿಸಿ, ಎಲ್ಲವನ್ನೂ ಕಲಸಿ, ಕರಿಮೆಣಸು ಉದುರಿಸಿ, ಉರಿ ಆರಿಸಿದ ಮೇಲೆ ಕಾಚಂಪುಳಿಯನ್ನು ಸುತ್ತ ಹನಿಸಿ. ಮಾಂಸಕ್ಕೆ ಬೇಯಿಸುವಾಗಲೇ ಉಪ್ಪು ಬಿದ್ದಿರುವುದರಿಂದ ಮತ್ತೆ ಉಪ್ಪು ಹಾಕುವ ಮೊದಲು ರುಚಿ ನೋಡಿ.

ಕಾಚಂಪುಳಿ ಏಕೆ ಕೊನೆಯಲ್ಲಿ ಎಂದರೆ, ಅದು ಮೊದಲೇ ಕಾಯಿಸಿ ಕುಗ್ಗಿಸಿದ ರಸ. ಮಳೆಗಾಲದಲ್ಲಿ ಹಣ್ಣಾಗಿ ಬೀಳುವ ಪಣಪುಳಿ ಹಣ್ಣುಗಳನ್ನು ಕೂಡಿಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಾಗಿ ಮಂದವಾಗುವವರೆಗೆ ಕುದಿಸಿದ ಮೇಲೆಯೇ ಅದು ಬಾಟಲಿ ಸೇರುವುದು. ಪಂದಿಕರಿಯಲ್ಲಿ ಅದು ಗಟ್ಟಿ ತುಂಡಿನೊಳಕ್ಕೆ ಇಳಿಯಬೇಕಾದ್ದರಿಂದ ಸ್ವಲ್ಪ ಹೊತ್ತು ಮಾಂಸದೊಡನೆ ಕುದಿಯುತ್ತದೆ. ಎಳೆ ಬಿಡಿಸಿದ ಮಾಂಸಕ್ಕೆ ಅದರ ಅಗತ್ಯವಿಲ್ಲ. ಹನಿಸಿದ ಕ್ಷಣವೇ ಪ್ರತಿ ಎಳೆಗೂ ಹತ್ತುತ್ತದೆ, ಹಳೆಯ ವಾಸನೆಯನ್ನೂ ಅಡಗಿಸುತ್ತದೆ. ಹುಳಿ ಹಾಕಿದ ಯಾವ ಪದಾರ್ಥವನ್ನೂ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ, ಸ್ಟೀಲ್ ಅಥವಾ ಗಾಜಿನ ಡಬ್ಬಿ ಬಳಸಿ. ಕಾಚಂಪುಳಿ ಮುಗಿದಿದ್ದರೆ ನಿಂಬೆರಸ ನಡೆಯುತ್ತದೆ, ಆದರೆ ಆ ಆಳವಾದ ರುಚಿ ಬರುವುದಿಲ್ಲ; ಹುಣಸೆಹುಳಿಯನ್ನಂತೂ ನಾನು ಹಂದಿಮಾಂಸದ ಹತ್ತಿರ ತರುವುದಿಲ್ಲ.

ಈ ಹುರಿತವನ್ನು ಬಿಸಿ ಅಕ್ಕಿ ಒಟ್ಟಿಯ (ಕೊಡಗಿನ ಅಕ್ಕಿ ರೊಟ್ಟಿ) ಜೊತೆ ಬಡಿಸಿದರೆ ಮಕ್ಕಳು ಪಂದಿಕರಿ ಎಂದು ಮುಖ ತಿರುಗಿಸುವುದಿಲ್ಲ. ಮಾಂಸವನ್ನು ಹಿಟ್ಟಿನಲ್ಲೇ ಕಲಸಬಹುದೇ ಎಂದು ಕೆಲವರು ಕೇಳುವುದುಂಟು. ಅನ್ನ ಮತ್ತು ಅಕ್ಕಿ ಹಿಟ್ಟು ನಾದಿ ಲಟ್ಟಿಸುವ ಒಟ್ಟಿಗೆ ಇದು ಒಗ್ಗುವುದಿಲ್ಲ, ಏಕೆಂದರೆ ಎಳೆಗಳು ಹಿಟ್ಟನ್ನು ಹರಿಯುತ್ತವೆ, ಒಟ್ಟಿ ಕೆಂಡದ ಮೇಲೆ ಉಬ್ಬುವುದಿಲ್ಲ. ಬದಲಿಗೆ ಬಯಲುಸೀಮೆಯವರು ತಟ್ಟುವ ಅಕ್ಕಿ ರೊಟ್ಟಿಯ ದಾರಿ ಹಿಡಿಯಿರಿ. ಎರಡು ಲೋಟ ಅಕ್ಕಿ ಹಿಟ್ಟಿಗೆ ಸಣ್ಣಗೆ ಕೊಚ್ಚಿದ ಮುಕ್ಕಾಲು ಲೋಟ ಹುರಿತ, ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿಸಿ, ಬಿಸಿನೀರಿನಲ್ಲಿ ಮೆತ್ತಗೆ ಕಲಸಿ, ಬಾಳೆ ಎಲೆಯ ಮೇಲೆ ತಟ್ಟಿ, ಎಲೆಸಮೇತ ಕಾವಲಿಗೆ ಮಗುಚಿ ಹಾಕಿ. ಎಲೆ ಬಾಡಿದ ಮೇಲೆ ಎಳೆದು ತೆಗೆದು ಎರಡೂ ಕಡೆ ಬೇಯಿಸಿ. ಹಂದಿಯ ಕೊಬ್ಬು ಹಿಟ್ಟಿನೊಳಗೆ ಕರಗುವುದರಿಂದ ಮೇಲೆ ಹಾಕುವ ಎಣ್ಣೆಯನ್ನು ಅರ್ಧಕ್ಕೆ ಇಳಿಸಬಹುದು.

ಹಬ್ಬದ ಮನೆಯಲ್ಲಿ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಮಾಡುವ ಅಕ್ಕಿ ತರಿಯೂ ಉಳಿದಿರುತ್ತದೆ. ಒಂದು ಲೋಟ ತರಿಗೆ ಎರಡು ಲೋಟ ನೀರಿನಂತೆ ಉಪ್ಪು ಹಾಕಿ ಕೆದಕಿ, ಕೈಗೆ ತಡೆಯುವಷ್ಟು ಬಿಸಿಯಿರುವಾಗಲೇ ಉಂಡೆ ಹಿಡಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಒಳಗೆ ಒಂದು ಚಮಚ ಹುರಿತ ತುಂಬಿ, ಬಾಯಿ ಮುಚ್ಚಿ, ಹಬೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಒಳಗಿಡುವ ಹುರಿತ ಒಣಗಿರಬೇಕು, ತಣ್ಣಗಿರಬಾರದು. ರಸ ಉಳಿದಿದ್ದರೆ ಉಂಡೆ ಬಿರಿಯುತ್ತದೆ. ಹಿರಿಯರಿಗೆ ಕಡಂಬುಟ್ಟಿನೊಳಗೆ ಮಾಂಸ ಕಂಡರೆ ಒಪ್ಪಿಗೆಯಾಗದೆ ಇರಬಹುದು, ಕಡಂಬುಟ್ಟು ಬೇರೆ ಕರಿ ಬೇರೆ ಎಂಬ ಅವರ ಅಭಿರುಚಿಗೂ ಗೌರವವಿದೆ. ಆದರೆ ಸಂಜೆ ಮನೆಗೆ ಹಸಿದು ಬರುವ ಮಕ್ಕಳ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ತಿನಿಸನ್ನು ನಾನು ಕಂಡಿಲ್ಲ. ನೂಪುಟ್ಟು (ಅಕ್ಕಿ ಶಾವಿಗೆ) ಉಳಿದಿದ್ದರೆ ಕೈಯಿಂದ ಉದುರು ಮಾಡಿ, ಸಾಸಿವೆ, ಕರಿಬೇವು, ಈರುಳ್ಳಿಯ ಒಗ್ಗರಣೆಗೆ ಹಾಕಿ, ಮೇಲೆ ಹುರಿತ ಸೇರಿಸಿ ಒಂದು ನಿಮಿಷ ತಿರುವಿದರೆ ಸಾಕು.

ಈ ಕಾಲದಲ್ಲಿ ಕಣಿಲೆ ಸಿಕ್ಕರೆ ಬಿಡಬೇಡಿ. ನೀವು ಬೈಂಬಳೆ ಎನ್ನುವ ಈ ಎಳೆ ಬಿದಿರಿಗೂ ಹಂದಿಮಾಂಸಕ್ಕೂ ಇರುವ ಹೊಂದಾಣಿಕೆ ಅಪರೂಪದ್ದು: ಒಂದರಲ್ಲಿ ಕೊಬ್ಬು, ಇನ್ನೊಂದರಲ್ಲಿ ಕೊಬ್ಬನ್ನು ಕುಡಿಯುವ ಗುಣ. ಹಸಿ ಕಣಿಲೆಯಲ್ಲಿ ಸೈನೈಡ್ ಬಿಡುವ ವಿಷಾಂಶ ಇರುವುದರಿಂದ ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಈ ಹಳೆಯ ಕ್ರಮದಲ್ಲಿ ಒಂದು ಹಂತವನ್ನೂ ಬಿಡಬಾರದು. ಬೆಂದ ಕಣಿಲೆಗೆ ಹುರಿದು ಪುಡಿ ಮಾಡಿದ ಕೊತ್ತಂಬರಿ, ಜೀರಿಗೆ, ಸಾಸಿವೆ, ಕರಿಮೆಣಸಿನ ಮಸಾಲೆ ಹಾಕಿ ಪಲ್ಯದಂತೆ ಬಾಡಿಸಿ, ಇಳಿಸುವ ಮೂರು ನಿಮಿಷ ಮೊದಲು ಮಾಂಸದ ಎಳೆಗಳನ್ನು ಸೇರಿಸಿ ಮುಚ್ಚಿಡಿ. ಎರಡು ಪಾಲು ಕಣಿಲೆಗೆ ಒಂದು ಪಾಲು ಮಾಂಸ ಸರಿಯಾದ ಅಳತೆ. ಕಣಿಲೆ ನೆನೆಯುವಷ್ಟು ದಿನ ಮಾಂಸ ಫ್ರಿಡ್ಜ್‌ನಲ್ಲಿ ಕಾಯಲಾರದು, ಆದ್ದರಿಂದ ಇದಕ್ಕೆ ಫ್ರೀಜರ್‌ನ ಪಾಲನ್ನೇ ಬಳಸಿ.

ಕಟ್ಲೆಟ್ ಎಲ್ಲರಿಗೂ ಗೊತ್ತಿರುವುದೇ: ಎರಡು ಪಾಲು ಬೇಯಿಸಿ ಹಿಸುಕಿದ ಆಲೂಗಡ್ಡೆ, ಒಂದು ಪಾಲು ಕೊಚ್ಚಿದ ಮಾಂಸ, ಶುಂಠಿ, ಹಸಿಮೆಣಸು, ಕರಿಮೆಣಸು, ಮೊಟ್ಟೆಯಲ್ಲಿ ಅದ್ದಿ ರವೆಯಲ್ಲಿ ಹೊರಳಿಸಿ ಕಾಯಿಸುವುದು. ಹಂದಿಮಾಂಸದ ಕಟ್ಲೆಟ್ ಒಡೆಯುವುದಕ್ಕೆ ಹೆಚ್ಚಿನ ಸಲ ಕೊಬ್ಬೇ ಕಾರಣ, ಆದ್ದರಿಂದ ಕಲಸುವ ಮೊದಲು ಮಾಂಸವನ್ನು ಒಣದಾಗಿ ಹುರಿದು ಕೊಬ್ಬು ಬಸಿಯಬೇಕು, ತಟ್ಟಿದ ಕಟ್ಲೆಟ್‌ಗಳನ್ನು ಅರ್ಧ ಗಂಟೆ ಫ್ರಿಡ್ಜ್‌ನಲ್ಲಿಟ್ಟು ಕಾಯಿಸಬೇಕು. ಮೊಟ್ಟೆ ಬುರ್ಜಿಗೆ, ಆಮ್ಲೆಟ್‌ಗೆ ಒಂದು ಹಿಡಿ ಹುರಿತ ಸೇರಿಸುವುದನ್ನು ವಿವರಿಸಬೇಕಾಗಿಲ್ಲ. ತುಪ್ಪದ ಅನ್ನಕ್ಕೆ ಸೇರಿಸುವುದಾದರೆ ಅಕ್ಕಿಯ ಜೊತೆ ಕುಕ್ಕರ್‌ನಲ್ಲಿ ಕೂಗಿಸಬೇಡಿ, ಅನ್ನ ಅರಳಿದ ಮೇಲೆ ಬಿಸಿ ಹುರಿತವನ್ನು ಪದರವಾಗಿ ಹಾಕಿ ಐದು ನಿಮಿಷ ದಮ್ಮಿಗೆ ಬಿಡಿ. ಶಾಲೆಯ ಬುತ್ತಿಗೆ ಮಾತ್ರ ಇದನ್ನು ಹಾಕಿ ಕಳುಹಿಸಬೇಡಿ, ಬೆಳಿಗ್ಗೆ ಕಟ್ಟಿದ ಡಬ್ಬಿ ಮಧ್ಯಾಹ್ನದವರೆಗೆ ಉಗುರುಬೆಚ್ಚಗೆ ಇರುತ್ತದೆ.

ಉಪ್ಪಿನಕಾಯಿ ಹಾಕಿಬಿಡೋಣ ಎಂಬ ಯೋಚನೆ ನಿಮಗೂ ಬಂದಿರಬಹುದು, ಏಕೆಂದರೆ ಹಂದಿಮಾಂಸದ ಉಪ್ಪಿನಕಾಯಿ ಕೊಡಗಿಗೆ ಹೊಸದಲ್ಲ. ಆದರೆ ಅದಕ್ಕೆ ಹಸಿ ಮಾಂಸವನ್ನು ಸಣ್ಣ ತುಂಡು ಮಾಡಿ, ನೀರಿನಂಶ ಪೂರ್ತಿ ಹೋಗುವಂತೆ ಹುರಿದು, ಸಾಕಷ್ಟು ಹುಳಿ ಮತ್ತು ಉಪ್ಪು ಸೇರಿಸುತ್ತಾರೆ. ಜೆಲಟಿನ್, ನೀರು ಎರಡನ್ನೂ ಹಿಡಿದಿಟ್ಟುಕೊಂಡ, ಮೂರು ದಿನ ಹಳೆಯ ಎಳೆ ಮಾಂಸವನ್ನು ಎಣ್ಣೆಯೊಳಗೆ ಮುಳುಗಿಸಿ ಹೊರಗಿಟ್ಟರೆ ಗಾಳಿಯಿಲ್ಲದ, ಹುಳಿ ಕಡಿಮೆಯಿರುವ ಜಾಗ ಸಿಕ್ಕಂತಾಗಿ ಬಾಟುಲಿಸಂ ಎಂಬ ಮಾರಕ ಕಾಯಿಲೆ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ವಿಷಕ್ಕೆ ವಾಸನೆಯೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ. ಉಪ್ಪಿನಕಾಯಿಯ ರುಚಿಯೇ ಬೇಕೆಂದರೆ ಮಾಡಿ, ಫ್ರಿಡ್ಜ್‌ನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ. ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸುವುದೂ ಉಪ್ಪು ಹಚ್ಚಿದ ಹಸಿ ಮಾಂಸಕ್ಕೆ ಇರುವ ಕ್ರಮವೇ ಹೊರತು ಬೆಂದು ಮಿಕ್ಕಿದ್ದಕ್ಕಲ್ಲ, ಅದರಲ್ಲೂ ತೇವ ತುಂಬಿದ ಈ ತಿಂಗಳಲ್ಲಿ.

ಇಲ್ಲಿ ಹೇಳಿದ್ದೆಲ್ಲ ಕುರಿ ಮಾಂಸಕ್ಕೂ, ದನದ ಮಾಂಸ ತಿನ್ನುವ ಮನೆಗಳಲ್ಲಿ ಅದಕ್ಕೂ ಅನ್ವಯಿಸುತ್ತದೆ, ಎರಡು ಬದಲಾವಣೆಗಳೊಡನೆ. ದನದ ಮಾಂಸದ ಎಳೆ ಉದ್ದ ಮತ್ತು ದಪ್ಪ, ಆದ್ದರಿಂದ ಬಿಡಿಸಿದ ಮೇಲೆ ಅಡ್ಡಲಾಗಿ ಒಂದು ಸಲ ಕೊಚ್ಚಿಕೊಳ್ಳಬೇಕು. ಹಂದಿಯಷ್ಟು ಕೊಬ್ಬು ಬಿಡದ ಕಾರಣ ಹುರಿಯಲು ಎರಡು ಮೂರು ಚಮಚ ತೆಂಗಿನೆಣ್ಣೆ ಬೇಕು. ಮಲಬಾರಿನ ಕಡೆಯವರು ಮಾಡುವಂತೆ ತೆಳ್ಳಗೆ ಸೀಳಿದ ತೆಂಗಿನಕಾಯಿ ಚೂರುಗಳನ್ನು ಅದೇ ಎಣ್ಣೆಯಲ್ಲಿ ಕೆಂಪಗೆ ಮಾಡಿಕೊಂಡು ಮಾಂಸ ಹಾಕಿದರೆ ಒಣಗಿದ ಎಳೆಗೂ ಮೃದುತ್ವ ಬರುತ್ತದೆ.

ಭುಜದ ಮಾಂಸ ಬೇಯಿಸಿದ ನೀರನ್ನು ನೀವು ಚೆಲ್ಲಿಲ್ಲದಿದ್ದರೆ, ಅದೂ ಮಾಂಸದಷ್ಟೇ ದಿನ ಫ್ರಿಡ್ಜ್‌ನಲ್ಲಿರುತ್ತದೆ. ಮೇಲೆ ಗಟ್ಟಿಯಾದ ಕೊಬ್ಬನ್ನು ಎತ್ತಿ ಹುರಿಯಲು ಇಟ್ಟುಕೊಳ್ಳಿ. ಕೆಳಗೆ ಹೆಪ್ಪುಗಟ್ಟಿರುವುದು ಎಳೆಗಳಿಂದ ಇಳಿದ ಜೆಲಟಿನ್. ಅದನ್ನು ಒಂದು ಕುದಿ ಬರಿಸಿ, ಮಾಂಸವನ್ನು ಫ್ರೀಜರ್‌ಗೆ ಹಾಕುವಾಗ ಪ್ರತಿ ಚೀಲಕ್ಕೂ ಆರಿದ ಮೇಲೆ ಎರಡು ಮೂರು ಸೌಟು ಹೊಯ್ಯಿರಿ. ಮಿಕ್ಕಿದ್ದರಲ್ಲಿ ಕಡಂಬುಟ್ಟಿನ ತರಿ ಕೆದಕಬಹುದು, ನೀರಿನ ಅಳತೆ ಅದೇ ಇರಲಿ, ಉಪ್ಪು ಮಾತ್ರ ಕಡಿಮೆ ಮಾಡಿ.